ನಿಕಿಫೋರನ ದೇವಾಲಯಗಳು

ಪೋಲೆಂಡಿನ ದಕ್ಷಿಣದಲ್ಲಿ, ಕಾರ್ಪಾಥಿಯನ್ ಪರ್ವತಶ್ರೇಣಿಯ ಕ್ರಿನಿತ್ಸಾ ಎಂಬ ಊರಿನ ಬೀದಿಬದಿಯಲ್ಲಿ ಕುಳಿತು, ಸಿಗರೇಟು ಪೆಟ್ಟಿಗೆಯ ರಟ್ಟು, ಶಾಲೆಯ ಹಳೆಯ ಪುಸ್ತಕದ ಹಾಳೆ, ಹೀಗೆ ಕೈಗೆ ದೊರೆತುದರ ಮೇಲೆಲ್ಲ ಚಿತ್ರ ಬರೆಯುತ್ತಿದ್ದ ನಿಕಿಫೋರನನ್ನು ಬಹುಕಾಲ ಜನರು ಭಿಕ್ಷುಕನೆಂದೇ ಎಣಿಸಿದ್ದರು. 1895ರಲ್ಲಿ ಲೆಮ್ಕೊ ಜನಾಂಗದ ಬಡತಾಯಿಯೊಬ್ಬಳ ಮಗನಾಗಿ ಹುಟ್ಟಿದ ಆತನ ಮಾತು ಅಸ್ಪಷ್ಟ. ಅನ್ಯರಿಗೆ ತಿಳಿಯುವುದು ದುಸ್ತರ. ಆದರೆ ತನ್ನವರ ಹಳ್ಳಿಗಳ ಮರದ ಚರ್ಚುಗಳನ್ನು, ಅವುಗಳ ಉಬ್ಬಿದ ಶಿಖರಗಳನ್ನು, ತುದಿಯ ಶಿಲುಬೆಗಳನ್ನು ಬರೆಯುವಾಗ ಆ ಕೈಯ ರೇಖೆಯಲ್ಲಿ ಸಂದೇಹದ ಲೇಶವೂ ಕಾಣದು.

1947ರಲ್ಲಿ ಸರಕಾರವು ಲೆಮ್ಕೊ ಜನರನ್ನು ಅವರ ಹಳ್ಳಿಗಳಿಂದ ಎಬ್ಬಿಸಿ ದೂರದ ಪ್ರಾಂತಗಳಿಗೆ ಸಾಗಿಸಿತು. ನಿಕಿಫೋರನು ಮರಳಿ ಬಂದನು. ಪುನಃ ಕಳುಹಿಸಿದರೆ ಪುನಃ ಬಂದನು. ಭಕ್ತರಿಲ್ಲದ ಚರ್ಚುಗಳು ಹಲವು ಕಡೆ ಪಾಳುಬಿದ್ದವು. ಆತನ ಕಾಗದದ ಮೇಲೆ ಮಾತ್ರ ಅವು ವರ್ಣಮಯವಾಗಿ ನಿಂತಿದ್ದವು. ಉಳಿದ ಚರ್ಚುಗಳಲ್ಲಿ ಕೆಲವಕ್ಕೆ 2013ರಲ್ಲಿ, ಆತನು ತೀರಿಕೊಂಡು ದಶಕಗಳು ಕಳೆದ ಮೇಲೆ, ಯುನೆಸ್ಕೊ ವಿಶ್ವಪರಂಪರೆಯ ಮನ್ನಣೆ ನೀಡಿತು.

ತನ್ನ ಚಿತ್ರಗಳಲ್ಲಿ ಆತನು ತನ್ನನ್ನೂ ಬರೆದುಕೊಂಡನು. ಒಮ್ಮೊಮ್ಮೆ ಧರ್ಮಗುರುವಿನ ನಿಲುವಂಗಿ ತೊಟ್ಟವನಂತೆ. ಅದನ್ನು ಅಹಂಕಾರವೆನ್ನಲು ನನ್ನ ಮನಸ್ಸೊಪ್ಪದು. ಬೀದಿಯಲ್ಲಿ ದೊರೆಯದ ಆಸನವನ್ನು, ತಾನು ಅಷ್ಟೊಂದು ಪ್ರೀತಿಯಿಂದ ಕಟ್ಟಿದ ದೇವಾಲಯದಲ್ಲಿ ಆತನು ತನಗಾಗಿ ಇಟ್ಟುಕೊಂಡನು.