ಗಾಯ ಆರಲು ಆರು ವಾರ

ಕಾಸರಗೋಡಿನ ಕಡೆ ಹಾರ್ಟ್ ಅಟ್ಯಾಕಿನ ಮಾತು ತೆಗೆದರೆ ಅದು ಕೊನೆಗೆ ರಸ್ತೆಯ ಮಾತಾಗುತ್ತದೆ. ಮಂಗಳೂರಿಗೆ ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್, ನಡುವೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಆ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ವಾಪಸಾದದ್ದನ್ನು ಈ ಜಿಲ್ಲೆ ಮರೆತಿಲ್ಲ. ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಆದರೂ ಎದೆನೋವೆಂದರೆ ನಮ್ಮವರು ಗಾಡಿ ತಿರುಗಿಸುವುದು ಬಡಗು ದಿಕ್ಕಿಗೇ.

ಮೊದಲ ಗಂಟೆಗಳ ಬೆಲೆ ಈಗ ಎಲ್ಲರಿಗೂ ಗೊತ್ತು. ನಾನು ಹೇಳಹೊರಟದ್ದು ಆಮೇಲಿನ ಕಥೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರನ್ನು ನೋಡಲು ನೆಂಟರು ಬರುತ್ತಾರೆ. "ಒಂದೇ ಬ್ಲಾಕ್ ಇದ್ದದ್ದು, ಈಗ ಏನೂ ತೊಂದರೆಯಿಲ್ಲ" ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆ ಹೊತ್ತಿನಲ್ಲೂ ಎದೆಯೊಳಗೆ ದೊಡ್ಡ ಕೆಲಸವೊಂದು ನಡೆಯುತ್ತಲೇ ಇರುತ್ತದೆ. ವೈದ್ಯರು ಅದನ್ನು ಉರಿಯೂತ ಎನ್ನುತ್ತಾರೆ.

ಉರಿಯೂತ ಎಂದೊಡನೆ ಅದನ್ನು ಅಡಗಿಸಬೇಕು ಎಂದೇ ನಮಗೆ ತೋರುತ್ತದೆ. ಸುಶ್ರುತ ಇಷ್ಟು ಅವಸರದವನಲ್ಲ. ಅವನ ಸಂಹಿತೆಯಲ್ಲಿ ಊತಕ್ಕೆ ಮೂರು ಅವಸ್ಥೆಗಳಿವೆ: ಹಸಿ, ಮಾಗುತ್ತಿರುವುದು, ಮಾಗಿದ್ದು. ಹಸಿಯಿರುವಾಗಲೇ ಕೊಯ್ಯುವವನೂ ಮಾಗಿದ ಮೇಲೆ ಸುಮ್ಮನೆ ಕೂರುವವನೂ ಇಬ್ಬರೂ ಕೆಟ್ಟ ವೈದ್ಯರೇ. ಅವನು ಮಾತಾಡುತ್ತಿದ್ದದ್ದು ಹುಣ್ಣು ಬಾವುಗಳ ಬಗ್ಗೆ, ಹೃದಯದ ಬಗ್ಗೆ ಅಲ್ಲ. ಆದರೂ ಹೊತ್ತು ನೋಡಿ ಕೈಹಾಕು ಎಂಬ ಆ ಮಾತನ್ನು ಹೃದಯ ವೈದ್ಯರು ಬಹಳ ಪೆಟ್ಟು ತಿಂದು ಕಲಿತರು.

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಗುಂಡೇಟಿನ ಗಾಯಗಳನ್ನು ನೋಡಿ ನೋಡಿ, ಉರಿಯೂತ ರೋಗವಲ್ಲ, ಪೆಟ್ಟುಬಿದ್ದ ದೇಹ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಬಗೆ ಎಂದು ಬರೆದ. 1794ರಲ್ಲಿ ಆ ಪುಸ್ತಕ ಅಚ್ಚಾಗುವಾಗ ಹಂಟರ್ ಇರಲಿಲ್ಲ. ಹಿಂದಿನ ವರ್ಷ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದು ಕುಸಿದು ಸತ್ತಿದ್ದ. ಹಲವು ವರ್ಷಗಳಿಂದ ಎದೆನೋವಿನ ರೋಗಿ ಆತ.

ಹೃದಯದ ಗಾಯ ಆರುವುದನ್ನು ದಿನದಿನದ ಲೆಕ್ಕದಲ್ಲಿ ನೋಡಿದವರು ಅಮೆರಿಕದ ಮ್ಯಾಲರಿ, ವೈಟ್ ಮತ್ತು ಅವರ ಸಂಗಡಿಗರು, 1939ರಲ್ಲಿ. ಹೃದಯಾಘಾತದ ನಂತರ ಬೇರೆ ಬೇರೆ ದಿನಗಳಲ್ಲಿ ತೀರಿಕೊಂಡ 72 ಮಂದಿಯ ಹೃದಯಗಳನ್ನು ಅವರು ಸೂಕ್ಷ್ಮದರ್ಶಕದಡಿ ಇಟ್ಟರು. ಮೊದಲ ಒಂದೆರಡು ದಿನ ಸತ್ತ ಸ್ನಾಯುವಿನೊಳಕ್ಕೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ನಾಲ್ಕೈದು ದಿನವಾಗುವಾಗ ಭಕ್ಷಕ ಕಣಗಳು ಸತ್ತದ್ದನ್ನು ತಿಂದು ತೆರವು ಮಾಡುತ್ತಿರುತ್ತವೆ. ಎರಡನೇ ವಾರಕ್ಕೆ ಹೊಸ ರಕ್ತನಾಳ, ನಾರಿನ ಅಂಗಾಂಶ. ಸಾಧಾರಣ ಗಾತ್ರದ ಗಾಯ ಬಿಳಿಯ, ಗಟ್ಟಿ ಕಲೆಯಾಗಲು ಆರರಿಂದ ಎಂಟು ವಾರ ಬೇಕು.

ಮಳೆಗೆ ಒಡೆದ ಗದ್ದೆಯ ಕಟ್ಟಪುಣಿಯನ್ನು ಕಟ್ಟುವುದೂ ಹೀಗೆಯೇ. ಕುಸಿದ ಕೆಸರನ್ನು ಪೂರಾ ಬಾಚಿ ತೆಗೆದ ಮೇಲೆಯೇ ಹೊಸ ಮಣ್ಣು ಮೆತ್ತಬೇಕು. ಬಾಚುವಾಗ ಪುಣಿ ಮೊದಲಿಗಿಂತ ಸಪೂರವಾಗುತ್ತದೆ, ನಿಜ. ಹೃದಯದ ಗೋಡೆಗೂ ಮೊದಲ ವಾರ ಅಂಥ ಅಪಾಯದ ಕಾಲ. ಅಪರೂಪಕ್ಕೆ ಅದು ಒಡೆಯುವುದು ಹೆಚ್ಚಾಗಿ ಆ ದಿನಗಳಲ್ಲೇ. ಹಾಗಾಗಿ ಹಿಂದೆ ರೋಗಿಯನ್ನು ಆರು ವಾರ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ಕುರ್ಚಿಯಲ್ಲಿ ಕೂರಿಸಿದರೆ ಒಳ್ಳೆಯದೇ ಎಂದು ತೋರಿಸಿದ ಮೇಲೆ ಆ ಶಿಕ್ಷೆ ಮೆಲ್ಲಗೆ ತಪ್ಪಿತು.

1970ರ ದಶಕದಲ್ಲಿ ಅವಸರ ಮತ್ತೆ ತಲೆಯೆತ್ತಿತು. ಉರಿಯೂತವನ್ನೇ ಸ್ಟೀರಾಯ್ಡ್‌ನಿಂದ ಅದುಮಿದರೆ ಸ್ನಾಯು ಉಳಿಯಬಹುದಲ್ಲ? ಪ್ರಯೋಗ ಮಾಡಿದರು. ಹೆಚ್ಚು ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಪಡೆದ ರೋಗಿಗಳಲ್ಲಿ ಹಾನಿ ಹಿಗ್ಗಿತೆಂದು 1976ರಲ್ಲಿ ವರದಿಯಾಯಿತು. ಎರಡು ವರ್ಷದ ನಂತರ ಇನ್ನೊಂದು ತಂಡ, ಸ್ಟೀರಾಯ್ಡ್ ಕೊಟ್ಟಾಗ ಸತ್ತ ಸ್ನಾಯು ತೆರವಾಗದೆ ಈಜಿಪ್ಟಿನ ಮಮ್ಮಿಯ ಹಾಗೆ ಉಳಿದುಬಿಡುತ್ತದೆ ಎಂದು ತನ್ನ ಲೇಖನದ ತಲೆಬರಹದಲ್ಲೇ ಹೇಳಿತು. ಕೆಸರು ಬಾಚುವವರನ್ನೇ ಮನೆಗೆ ಕಳಿಸಿದ್ದರು! ಇಲಿಗಳ ಮೇಲೆ 2007ರಲ್ಲಿ ನಡೆದ ಅಧ್ಯಯನದಲ್ಲಿ ಬಿಳಿ ರಕ್ತಕಣಗಳ ಎರಡು ಪಾಳಿ ಕಂಡವು. ಮೊದಲು ಬರುವುದು ತೆರವಿನ ಪಾಳಿ, ಆಮೇಲಿನದು ಕಟ್ಟುವ ಪಾಳಿ. ಯಾವುದನ್ನು ತಡೆದರೂ ಗಾಯ ಸರಿಯಾಗಿ ಆರಲಿಲ್ಲ.

ಹಾಗೆಂದು ಉರಿ ಆರದೆ ಉಳಿದರೂ ಕೇಡೇ. ಗೋಡೆ ತೆಳುವಾಗಿ ಹೃದಯ ಹಿಗ್ಗುತ್ತದೆ, ಬೇರೆ ರಕ್ತನಾಳಗಳಿಗೂ ಅಪಾಯ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದು ಉರಿಯೂತ ತಗ್ಗದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕ್ಯಾನಕಿನುಮ್ಯಾಬ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಿದರು. ಮಧ್ಯಮ ಪ್ರಮಾಣದಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಆಗುವ ಸಂಭವ ಒಟ್ಟಾರೆ ಶೇಕಡಾ 15ರಷ್ಟು ಇಳಿಯಿತು. ಜೊತೆಗೆ ಪ್ರಾಣ ತೆಗೆಯುವ ಸೋಂಕುಗಳು ಏರಿದವು.

ಅಗ್ಗದ ಮದ್ದೊಂದು ಸಾಲಿನಲ್ಲಿತ್ತು: ಗೌಟಿಗೆ ಕೊಡುವ ಕೋಲ್ಚಿಸಿನ್. ಅದರ ಮೂಲ ನಮ್ಮ ಬೇಲಿಯಲ್ಲೂ ಇದೆ. ಮಳೆಗಾಲದಲ್ಲಿ ಮುರಕಲ್ಲಿನ ಸಂದಿಯಿಂದ ಹಬ್ಬುವ ಅಗ್ನಿಶಿಖೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುತ್ತದೆ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪಾದ ದಳಗಳು ಮೇಲಕ್ಕೆ ಮಡಚಿ ನಿಲ್ಲುತ್ತವೆ. ಮಲಯಾಳದಲ್ಲಿ ಮೇಂದೋನ್ನಿ. ಗಡ್ಡೆ ಕಡು ವಿಷ, ಯಾರೂ ಮದ್ದೆಂದು ಅರೆಯಲು ಹೋಗಬೇಡಿ. 2019ರಲ್ಲಿ 4,745 ರೋಗಿಗಳ ಮೇಲೆ ದಿನಕ್ಕೆ ಅರ್ಧ ಮಿಲಿಗ್ರಾಂ ಕೋಲ್ಚಿಸಿನ್ ಪ್ರಯೋಜನ ತೋರಿಸಿತು. 2024ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಯ ಇನ್ನೊಂದು ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ವೈದ್ಯರ ವಾದ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಆಗಬೇಕಾದ್ದು ಮಾತ್ರ ಸ್ಪಷ್ಟ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ರೂಢಿ ನಮ್ಮಲ್ಲಿ ಧಾರಾಳ. ಹೃದಯಾಘಾತವಾದವರಲ್ಲಿ ಇಂಥ ಮಾತ್ರೆಗಳನ್ನು ಸ್ವಲ್ಪ ದಿನ ತೆಗೆದುಕೊಂಡರೂ ಅಪಾಯ ಏರುತ್ತದೆಂದು ಡೆನ್ಮಾರ್ಕಿನ ದಾಖಲೆಗಳ ಅಧ್ಯಯನ 2011ರಲ್ಲಿ ತೋರಿಸಿದೆ. ಇದನ್ನು ಕೇಳಿ ಡಾಕ್ಟರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಮಾತ್ರೆಯನ್ನೂ "ಅದೂ ನೋವಿನದ್ದೇ ತಾನೇ" ಎಂದು ಬಿಟ್ಟುಬಿಡಬೇಡಿ. ಆ ಪ್ರಮಾಣದಲ್ಲಿ ಅದರ ಕೆಲಸ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಸ್ಟೆಂಟ್ ಇರುವವರು ಅದನ್ನು ತಾವಾಗಿ ನಿಲ್ಲಿಸಲೇಬಾರದು.