ಆಪರೇಷನ್‌ಗೆ ಮೊದಲು ಮೈಗೆ ಬಲ



ಹೊಟ್ಟೆಯಲ್ಲೋ ಕರುಳಲ್ಲೋ ಕ್ಯಾನ್ಸರ್ ಅಂದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಡಾಕ್ಟರು ಆಪರೇಷನ್‌ಗೆ ದಿನ ಗೊತ್ತುಮಾಡುತ್ತಾರೆ. ಎಷ್ಟೋ ಸಲ ಎರಡು ಮೂರು ವಾರ ಕಾಯಬೇಕಾಗುತ್ತದೆ. ಆ ದಿನಗಳಲ್ಲಿ ನಾವೇನು ಮಾಡಬೇಕು? ಇವತ್ತು ಅದನ್ನೇ ಮಾತಾಡೋಣ.

ಕೆಲವರು ಏನಂತಾರೆ? "ಉಂಡರೆ ಗಡ್ಡೆ ಬೆಳೀತದೆ. ಬರೀ ಗಂಜಿ ಕೊಡಿ." ಈ ಮಾತು ತಪ್ಪು. ಹಸಿದಿದ್ದರೆ ಗಡ್ಡೆ ಸೊರಗೋದಿಲ್ಲ. ಸೊರಗೋದು ರೋಗಿ!

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ರೋಗಾಣುಗಳ ಜೊತೆ ಹೋರಾಡೋದು ಅವುಗಳ ಕೆಲಸ. ಆ ಹೋರಾಟಕ್ಕೆ ಊಟದ ಬಲ ಬೇಕು. ಕೊಯ್ದ ಗಾಯ ಕೂಡಲಿಕ್ಕೂ ಬೇಕು. ಮುಖ್ಯವಾಗಿ ಪ್ರೋಟೀನು ಬೇಕು. 50 ಕಿಲೋ ತೂಕದ ರೋಗಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ. ಹಾಗಾಗಿ ಬೇಳೆ, ಹೆಸರುಕಾಳು, ಹಾಲು, ಮೊಸರು, ಮೀನು ಕೂಡ ಕೊಡಬೇಕು. ಒಂದೇ ಸಲ ಉಣ್ಣಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಆರು ಸಲ ಕೊಡೋಣ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡೋಣ.

ಕೆಲವು ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ 5ರಿಂದ 7 ದಿನ ಮೊದಲೇ ಒಂದು ವಿಶೇಷ ಆಹಾರ ಕೊಡುತ್ತಾರೆ. ಅದರಲ್ಲಿ ಅರ್ಜಿನೈನ್ ಮತ್ತು ಮೀನೆಣ್ಣೆಯ ಸತ್ವ ಇರುತ್ತದೆ. ಅದರಿಂದ ಗಾಯಕ್ಕೆ ನಂಜಾಗುವುದು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದ್ದಾರೆ. ಆದರೆ ಅದು ಕ್ಯಾನ್ಸರ್ ವಾಸಿಮಾಡುವ ಔಷಧ ಅಲ್ಲ. ಡಾಕ್ಟರು ಹೇಳದೆ ಅಂಗಡಿಯಿಂದ ತರಬೇಡಿ.

ಬೀಡಿ, ಸಿಗರೇಟು ಇವತ್ತೇ ಬಿಡಿಸೋಣ. ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯಕ್ಕೂ ಉಸಿರಿಗೂ ಒಳ್ಳೆಯದು. ಬೆಳಿಗ್ಗೆ ಸಂಜೆ ಕೈಲಾದಷ್ಟು ನಡೆಸೋಣ. ರಕ್ತ ಕಡಿಮೆ ಇದ್ದರೆ ಮೊದಲೇ ಚಿಕಿತ್ಸೆ ಕೇಳೋಣ.

ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿದರೆ, ಗಾಳಿಯೂ ಹೋಗದಿದ್ದರೆ ಊಟ ತುರುಕಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ.

ಈಗ ನಾವು ಓದು ಬರಹ ಕಲಿತಿದ್ದೇವೆ, ಅಲ್ಲವೇ? ವಾರಕ್ಕೊಮ್ಮೆ ರೋಗಿಯ ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆಯೋಣ. ಆರು ತಿಂಗಳಲ್ಲಿ 50 ಕಿಲೋ ಇದ್ದದ್ದು 45ಕ್ಕೆ ಇಳಿದಿದೆಯೇ? ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ರೋಗಿ ತುಂಬ ಸೊರಗಿದ್ದರೆ ಆಪರೇಷನ್ನನ್ನು ಒಂದೆರಡು ವಾರ ಮುಂದೆ ಹಾಕಿ, ಮೊದಲು ಬಲ ತುಂಬುವುದೂ ಉಂಟು. ಕೊನೆಯ ದಿನ ಎಷ್ಟು ಹೊತ್ತಿಗೆ ಊಟ ನಿಲ್ಲಿಸಬೇಕು? ಅದನ್ನು ಆಸ್ಪತ್ರೆಯವರಿಂದಲೇ ಕೇಳಿ, ಚೀಟಿಯಲ್ಲಿ ಬರೆದುಕೊಳ್ಳೋಣ.

ಆಪರೇಷನ್ ಮಾಡೋದು ಡಾಕ್ಟರ ಕೆಲಸ. ಅದಕ್ಕೆ ರೋಗಿಯ ಮೈಯನ್ನು ಸಜ್ಜು ಮಾಡೋದು ನಮ್ಮ ಕೈಯಲ್ಲೂ ಇದೆ.