ನಮ್ಮ ಶಾಲೆಗೊಂದು ಮರದ ಕಾರಿನ ದಿನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನು ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಚರ್ಚೆ ನಡೆದಿದೆ. ಸ್ಮಾರ್ಟ್ ಬೋರ್ಡ್, ಕಂಪ್ಯೂಟರ್, ಕುಡಿಯುವ ನೀರಿನ ಯಂತ್ರ, ಎಲ್ಲವೂ ಬೇಕಾದವೇ. ಅವುಗಳ ಜೊತೆಗೆ ಕಡಿಮೆ ಖರ್ಚಿನ ಇನ್ನೊಂದನ್ನು ಕೇಳಲು ನಾನು ನಿಂತಿದ್ದೇನೆ. ವರ್ಷಕ್ಕೆ ಒಂದು ದಿನ ಕೊಡಿ. ಆ ದಿನ ಮಕ್ಕಳು ತಾವೇ ಮಾಡಿದ ಮರದ ಪುಟ್ಟ ಕಾರುಗಳನ್ನು ಇಳಿಜಾರು ಹಲಗೆಯ ಮೇಲೆ ಓಡಿಸಬೇಕು, ಊರು ನಿಂತು ನೋಡಬೇಕು.

ಇದು ನನ್ನ ಹೊಸ ಕಲ್ಪನೆಯೇನಲ್ಲ. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಮರ್ಫಿ ಎಂಬ ತಂದೆ, ದೊಡ್ಡ ಹುಡುಗರ ಬಂಡಿ ಓಟಕ್ಕೆ ಸೇರಲು ವಯಸ್ಸು ಸಾಲದ ತನ್ನ ಮಗನಿಗಾಗಿ ಇಂಥ ಪಂದ್ಯ ಆರಂಭಿಸಿದರು. ಸ್ಕೌಟ್ ಮಕ್ಕಳಲ್ಲಿ ಅದು ಇಂದಿಗೂ ನಡೆಯುತ್ತಿದೆ. ನಮಗೂ ಇದು ದೂರದ ಮಾತಲ್ಲ. ಜೋಳದ ದಂಟಿಗೆ ಹಳೆಯ ಹವಾಯಿ ಚಪ್ಪಲಿಯಿಂದ ಕೊರೆದ ಚಕ್ರ ಸಿಕ್ಕಿಸಿ ಗಾಡಿ ಎಳೆದವರು ಈ ಸಭೆಯಲ್ಲಿ ಬೇಕಾದಷ್ಟು ಜನ ಇದ್ದೀರಿ. ಚನ್ನಪಟ್ಟಣದ ಕುಶಲಿಗಳು ಆಲೆ ಮರವನ್ನು ಕಡೆದು ಮಾಡುವ ಬಣ್ಣದ ಗಾಡಿಗಳಂತೂ ಲೋಕಪ್ರಸಿದ್ಧ.

ಇದರಲ್ಲಿ ಪಾಠವೂ ಇದೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುತ್ತದೆ. ಅಲ್ಲಿ ಘರ್ಷಣೆ ಗೆಳೆಯ. ನಮ್ಮ ಕಾರಿನ ಅಚ್ಚಿನಲ್ಲಿ ಅದೇ ಘರ್ಷಣೆ ಶತ್ರು. ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ತಾತಂದಿರಿಗೆ ಇದು ಗೊತ್ತಿತ್ತು. ಮಕ್ಕಳು ಮೊಳೆಯನ್ನು ಉಪ್ಪು ಕಾಗದದಿಂದ ನುಣುಪು ಮಾಡಿ, ಪೆನ್ಸಿಲ್ ಸೀಸದ ಪುಡಿ ಸವರಿದರೆ ಸಾಕು, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಪ್ರಶ್ನೆ. ಭಾರವಾದದ್ದೂ ಹಗುರವಾದದ್ದೂ ಒಂದೇ ವೇಗದಲ್ಲಿ ಬೀಳುತ್ತವೆ ಎಂದು ಪುಸ್ತಕ ಹೇಳುತ್ತದೆ. ಹಾಗಿದ್ದರೆ ಭಾರದ ಕಾರೇ ಹೆಚ್ಚಾಗಿ ಗೆಲ್ಲುವುದೇಕೆ? ಒಂದೇ ಆಕಾರದ ಎರಡು ಕಾರುಗಳಿಗೆ ಗಾಳಿಯ ತಡೆ ಒಂದೇ. ಆ ತಡೆ ಹಗುರ ಕಾರನ್ನು ಹೆಚ್ಚು ನಿಧಾನಿಸುತ್ತದೆ, ಭಾರದ ಕಾರನ್ನು ಕಡಿಮೆ. ಭಾರವನ್ನು ಹಿಂಭಾಗದಲ್ಲಿಟ್ಟರೆ ಇನ್ನೂ ಲಾಭ, ಏಕೆಂದರೆ ಇಳಿಜಾರಿನಲ್ಲಿ ನಿಂತಾಗ ಆ ಭಾರ ತುಸು ಹೆಚ್ಚು ಎತ್ತರದಿಂದ ಹೊರಡುತ್ತದೆ. ಇದನ್ನು ಬಾಯಿಪಾಠ ಮಾಡಿದ ಮಗುವಿಗೂ, ನಟ್ಟು ಬೋಲ್ಟುಗಳನ್ನು ಹಿಂದೆ ಮುಂದೆ ಸರಿಸಿ ನೋಡಿದ ಮಗುವಿಗೂ ಬಹಳ ಅಂತರವಿದೆ. ಪ್ರಶ್ನೆ ಕೇಳುವುದೇ ವಿಜ್ಞಾನವೆಂದು ನಾಡಿಗೆ ತಿಳಿಸಿದ ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರು. ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವೂ ನಮ್ಮ ಗೌರಿಬಿದನೂರಿನ ಬಳಿಯೇ ಇದೆ. ಇಂಥ ನೆಲದ ಮಕ್ಕಳು ಪ್ರಯೋಗವನ್ನು ಚಿತ್ರದಲ್ಲಷ್ಟೇ ನೋಡಿ ಹತ್ತನೇ ತರಗತಿ ಮುಗಿಸಬಾರದು.

ಖರ್ಚಿನ ಮಾತಿಗೆ ಬರೋಣ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದೇ ಒಂದು ಪ್ಲೈವುಡ್ ಹಾಳೆ ಸಾಕು. ಅದನ್ನು ಅಡಿ ಅಗಲದ ನಾಲ್ಕು ಪಟ್ಟಿಗಳಾಗಿ ಸೀಳಿ ಉದ್ದಕ್ಕೆ ಜೋಡಿಸಿದರೆ 32 ಅಡಿಯ ಹಾದಿ. ನಡುವೆ ತೆಳುವಾದ ರೀಪು ಹೊಡೆದರೆ ಎರಡು ಕಾರು ಅಕ್ಕಪಕ್ಕ ಓಡಬಹುದು. ಆರಂಭದ ತುದಿಯನ್ನು ನಾಲ್ಕಡಿ ಎತ್ತರಿಸಿದರೆ, ಘರ್ಷಣೆ ಇಲ್ಲವೆಂದು ಲೆಕ್ಕ ಹಾಕಿದಾಗ ಗಂಟೆಗೆ ಸುಮಾರು 17 ಕಿ.ಮೀ. ವೇಗ ಬರುತ್ತದೆ. ಸೈಕಲ್ ತುಳಿದಷ್ಟು! ಕೊನೆಯಲ್ಲಿ ಒಂದು ಹಳೆಯ ಹಾಸಿಗೆ ಇಟ್ಟರಾಯಿತು. ಕಾರು 150 ಗ್ರಾಂ ಮೀರಬಾರದು. ತೂಗಲು ಕಿರಾಣಿ ಅಂಗಡಿಯ ತಕ್ಕಡಿ ಇದೆ. ಯಾರು ಮೊದಲೆಂಬ ಜಗಳ ಬಂದರೆ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ತೀರ್ಪು ಹೇಳುತ್ತದೆ. ಎರಡು ಹಾದಿಗಳೂ ತದ್ರೂಪಿ ಇರುವುದಿಲ್ಲವಾದ್ದರಿಂದ ಪ್ರತಿ ಜೋಡಿಯೂ ಹಾದಿ ಬದಲಿಸಿ ಎರಡು ಸಲ ಓಡಬೇಕು. ಒಮ್ಮೆ ಸೋತ ಮಗು ಮನೆಗೆ ಹೋಗುವ ಪಂದ್ಯ ಬೇಡ. ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕು ಓಟ ಸಿಗಲಿ.

ಒಂದು ನಿಯಮವನ್ನು ಮಾತ್ರ ಸಡಿಲಿಸಬಾರದು. ಕಾರು ಶಾಲೆಯಲ್ಲೇ, ಎರಡು ಶನಿವಾರಗಳಲ್ಲಿ ತಯಾರಾಗಬೇಕು. ಮನೆಯಲ್ಲಿ ಮಾಡಿ ತನ್ನಿ ಎಂದರೆ ಅದು ಮಕ್ಕಳ ಪಂದ್ಯವಾಗಿ ಉಳಿಯದೆ ತಂದೆಯರ ಪಂದ್ಯವಾಗುತ್ತದೆ. ಡ್ರಿಲ್ ಯಂತ್ರವಿರುವ ಮನೆಯ ಮಗು ಗೆಲ್ಲುತ್ತದೆ. ತಂದೆ ಪಾಳಿ ಕೆಲಸಕ್ಕೆ ಹೋದ, ತಾಯಿ ಕೂಲಿಗೆ ಹೋದ ಮಗು ಕಾರೇ ಇಲ್ಲದೆ ಬರುತ್ತದೆ. ಎಲ್ಲರಿಗೂ ಒಂದೇ ಅಳತೆಯ ಮರದ ತುಂಡು, ಒಂದೇ ಬಗೆಯ ನಾಲ್ಕು ಚಕ್ರ, ನಾಲ್ಕು ಮೊಳೆ. ಗರಗಸ, ಡ್ರಿಲ್ಲು ದೊಡ್ಡವರ ಕೈಯಲ್ಲಿರಲಿ, ಉಳಿದದ್ದೆಲ್ಲ ಮಕ್ಕಳ ಕೈಯಲ್ಲಿ. ಹುಡುಗಿಯರು ಬಣ್ಣ ಬಳಿಯಲಿ, ಹುಡುಗರು ಮೊಳೆ ಹೊಡೆಯಲಿ ಎಂಬ ಹಂಚಿಕೆಯೂ ಬೇಡ. ಒಬ್ಬೊಬ್ಬರಿಗೂ ಒಂದೊಂದು ಕಾರು.

ಇನ್ನು ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ನಮ್ಮ ಬ್ಯಾಚಿನಲ್ಲಿ ನಾಲ್ಕೈದು ಜನ ಬಿ.ಇ. ಓದಿದೆವು. ನಮ್ಮನ್ನು ವೇದಿಕೆಗೆ ಕರೆಯುತ್ತೀರಿ, ಶಾಲು ಹೊದಿಸುತ್ತೀರಿ. ಅದೇ ಬೆಂಚಿನಲ್ಲಿ ಕುಳಿತು ಮರಗೆಲಸಕ್ಕೆ, ವೆಲ್ಡಿಂಗ್‌ಗೆ, ಗ್ಯಾರೇಜಿಗೆ ಹೋದ ಗೆಳೆಯರು ಇಂಥ ಸಮಾರಂಭಕ್ಕೆ ಕರೆದರೆ, “ಅಯ್ಯೋ, ಅದು ದೊಡ್ಡೋರ ಫಂಕ್ಷನ್ನು ಬಿಡಪ್ಪಾ” ಎನ್ನುತ್ತಾರೆ. ನಾನು ಬರೆಯುವ ಸಾಫ್ಟ್‌ವೇರನ್ನು ಈ ಅಂಗಳದಲ್ಲಿ ಬಿಡಿಸಿ ತೋರಿಸಲಾರೆ. ಅವರು ತೋರಿಸಬಲ್ಲರು. ರಂದ ಹೊಡೆಯುವಾಗ ಮರದ ಎಳೆ ಯಾವ ಕಡೆಗಿದೆ ಎಂದು ನೋಡುವುದು, ರಂಧ್ರ ನೇರವಾಗಿ ಬೀಳುವಂತೆ ಕೊರೆಯುವುದು, ಚಕ್ರ ಅಲುಗದಂತೆ ಕೂರಿಸುವುದು ಅವರಿಗೆ ಕೈವಶ. ಆ ಎರಡು ಶನಿವಾರ ಅವರೇ ಮೇಷ್ಟ್ರು. ನಾನು ಅಂಕ ಬರೆದುಕೊಳ್ಳುವ ಗುಮಾಸ್ತ.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಇಟ್ಟುಕೊಳ್ಳಬಹುದಿತ್ತು. ಹತ್ತನೆಯವರಿಗೆ ಪರೀಕ್ಷೆ ಹತ್ತಿರವಾಗುತ್ತದೆ. ಅದಕ್ಕೇ ಡಿಸೆಂಬರ್ ಸೂಕ್ತ ಎನಿಸುತ್ತದೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಪ್ಲೈವುಡ್, ಮೊಳೆ, ಚಕ್ರಗಳ ಖರ್ಚು ನಮ್ಮ ಬ್ಯಾಚಿನದು. ಉಳಿದ ಬ್ಯಾಚುಗಳಿಂದ ಹಣ ಕೇಳುತ್ತಿಲ್ಲ. ಕೆಲಸ ಬಲ್ಲ ನಿಮ್ಮ ಒಬ್ಬೊಬ್ಬ ಸಹಪಾಠಿಯ ಹೆಸರನ್ನು ಇಂದು ಊಟಕ್ಕೆ ಏಳುವ ಮುನ್ನ ಬರೆದುಕೊಡಿ. ಅವರ ಮನೆಗೆ ನಾವೇ ಹೋಗಿ, ಎಲೆ ಅಡಿಕೆ ಕೊಟ್ಟು ಕರೆಯುತ್ತೇವೆ.